ತುಕ್ಕಿನ ಬಿರಡೆ

ನನ್ನ ಬೆಂಚಿಗೆ ಬರುವ ಪೈಪುಗಳು ಸತ್ತೇ ಬರುತ್ತವೆ. ಎಲ್ಲೋ ಸೋರಿದ, ಸೀಳಿದ, ಬಿರುಕು ಬಿಟ್ಟ ಪೈಪನ್ನು ಎರಡೂ ಕಡೆ ಕತ್ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನ ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ನಮ್ಮ ಸೂರಿನ ಮೇಲೇ ಹಾದು ಹೋಗುತ್ತವೆ. ಅದುರುವ ಬೆಂಚು ನಿಲ್ಲುವವರೆಗೆ ಕಾದು ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆಯುವುದು ನಮಗೆಲ್ಲ ರೂಢಿ. ಪೆಟ್ಟಿಗೆ ಬಿಚ್ಚಿ, ತುಕ್ಕಿನ ಬಣ್ಣ ನೋಡಿ, ಕುಳಿಗಳ ಆಳ ಅಳೆದು, ಈ ಪೈಪು ಯಾಕೆ ಹೋಯಿತು ಎಂದು ಹೇಳುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಮೈಸೂರಿನಲ್ಲಿ ಯಾರಾದರೂ ವಿಚಾರಿಸಿದರೆ ಅಮ್ಮ, ಮಗಳು ಅಮೆರಿಕದಲ್ಲಿ ಪೈಪುಗಳ ಪೋಸ್ಟ್‌ಮಾರ್ಟಂ ಮಾಡುತ್ತಾಳೆ ಅನ್ನುತ್ತಾಳೆ. ತಪ್ಪೇನಿಲ್ಲ.

ಈ ವಿದ್ಯೆಯ ಮೊದಲ ಪಾಠ, ತುಕ್ಕನ್ನು ಒರೆಸಬಾರದು. ಮನೆಯಲ್ಲಿ ತುಕ್ಕು ಕಂಡರೆ ಉಜ್ಜುತ್ತೇವೆ. ಇಲ್ಲಿ ಅದೇ ಸಾಕ್ಷಿ. ಮಣ್ಣಿನ ನೀರು ಕೊರೆದದ್ದೋ, ಸೂಕ್ಷ್ಮಜೀವಿಗಳು ತಿಂದದ್ದೋ, ಪಕ್ಕದ ಯಾವುದೋ ಕರೆಂಟು ಸೋರಿ ಆದದ್ದೋ ಎಂದು ಹೇಳುವುದು ಕುಳಿಯೊಳಗೆ ಕೂತಿರುವ ಆ ಕಪ್ಪು ಪುಡಿ. ಅದನ್ನು ಯಾರೂ ಮುಟ್ಟುವ ಮೊದಲು ನಾವು ತೆಗೆದುಕೊಳ್ಳಬೇಕು. ಇದನ್ನು ನನಗೆ ಕಲಿಸಿದವರು ನಮ್ಮ ಕಂಪನಿಯ ಡೆಟ್ರಾಯಿಟ್ ಕಡೆಯ ಆಫೀಸು ನೋಡಿಕೊಳ್ಳುತ್ತಿದ್ದ ಹಿರಿಯ ಎಂಜಿನಿಯರು. ಬಾಗಲಕೋಟೆಯ ಕಡೆಯವರು. ನಾನು ಕೆಲಸಕ್ಕೆ ಸೇರಿದ ವಾರ ಶಿಕಾಗೋಗೆ ಬಂದಿದ್ದವರು, ನಾನು ಕುಳಿಯೊಂದರ ಅಂಚನ್ನು ಬೆರಳಲ್ಲಿ ಸವರಿದ್ದು ಕಂಡು, "ತಂಗಿ, ಕೈ ತಗಿ. ಸತ್ತಾಂವ ಮಾತಾಡಾಕತ್ತಾನ, ನೀ ಅವನ ಬಾಯಿ ಒರಸಾಕತ್ತೀದಿ" ಎಂದಿದ್ದರು. ಅಂದಿನಿಂದ ಅವರು ನನಗೆ ಸರ್, ನಾನು ಅವರಿಗೆ ತಂಗಿ. ಮೀಟಿಂಗಿನಲ್ಲಿ ಅಮೆರಿಕನ್ನರ ಎದುರಿಗೂ ಹಾಗೇ ಕರೆಯುತ್ತಿದ್ದರು. ಅವರೆಲ್ಲ ಅದು ನನ್ನ ಮನೆಯ ಹೆಸರು ಅಂದುಕೊಂಡಿದ್ದರು.

ಎರಡು ವರ್ಷದ ಹಿಂದೆ, ಏಪ್ರಿಲ್ ಮೊದಲ ವಾರದಲ್ಲಿ, ಡೆಟ್ರಾಯಿಟ್‌ನ ದಕ್ಷಿಣಕ್ಕಿರುವ ಒಂದು ಹಳೆಯ ಸಬ್‌ಡಿವಿಜನ್‌ ಬಡಾವಣೆಯ ಹಿಂದೆ ನೆಲದಡಿಯ ಗ್ಯಾಸ್ ಲೈನನ್ನು ಅಗೆದು ನೋಡುವ ಕೆಲಸ ಬಂತು. ಪೈಪಿನೊಳಗೆ ಗ್ಯಾಸಿನ ಜೊತೆಗೇ ಒಂದು ಯಂತ್ರವನ್ನು ಹರಿಯಬಿಟ್ಟು ಲೋಹ ಎಲ್ಲೆಲ್ಲಿ ತೆಳ್ಳಗಾಗಿದೆ ಎಂದು ತಿಳಿಯುತ್ತಾರೆ. ಆ ಯಂತ್ರ ಗುರುತಿಸಿದ ಜಾಗಗಳನ್ನು ಒಂದೊಂದಾಗಿ ಅಗೆದು ಪರೀಕ್ಷಿಸುತ್ತಾರೆ. ಯಂತ್ರದ ಪ್ರಕಾರ ಅಲ್ಲಿದ್ದದ್ದು ಮಧ್ಯಮ ಆಳದ ಕುಳಿ, ಹೆದರುವಂಥದ್ದಲ್ಲ. ಆದರೆ ಸೂಜಿಯಂಥ ಸಣ್ಣ ಕುಳಿಗಳ ಆಳ ಆ ಯಂತ್ರಕ್ಕೆ ಸರಿಯಾಗಿ ಸಿಗುವುದಿಲ್ಲ. ಇದು ನಮಗೆಲ್ಲ ಗೊತ್ತು. ಪರೀಕ್ಷೆ ಬರೆಯಲು ಕೂತರೆ ನಾನೇ ಪೂರ್ತಿ ಅಂಕ ತೆಗೆಯುವಷ್ಟು ಗೊತ್ತು.

ಸಾಮಾನ್ಯವಾಗಿ ಸೈಟಿಗೆ ಹೋಗುವವರು ಸರ್ ತಂಡದವರು. ಆ ಸಲ ತುಕ್ಕಿನ ಮಾದರಿ ತೆಗೆಯುವ ಹುಡುಗಿ ಹೆರಿಗೆ ರಜೆಯಲ್ಲಿದ್ದಳು. ನಾನು ಬರುತ್ತೇನೆ ಎಂದೆ. ಶಾಮ್‌ಬರ್ಗ್‌ನ ನಮ್ಮ ಮನೆಯಿಂದ ಬೆಳಗ್ಗೆ ಐದಕ್ಕೆ ಹೊರಟೆ. ಮಿಶಿಗನ್ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಎಷ್ಟು ಸಲ ಹೋದರೂ ನಾನದನ್ನು ಮರೆಯುತ್ತೇನೆ. ತಡವಾಗಿ ತಲುಪಿದ ನನ್ನನ್ನು ನೋಡಿ ಸರ್, ಶಿಕಾಗೋ ಮಂದಿಗೆ ಸೂರ್ಯನೂ ಲೇಟಾಗಿ ಹುಟ್ಟತಾನ ಅಂದರು. ನಾನು ಅವಸರದಲ್ಲೇ ಹೆಲ್ಮೆಟ್ ಹಾಕಿಕೊಂಡೆ.

ಇಲ್ಲಿ ಒಂದು ವಿಷಯ ಹೇಳಬೇಕು. ಅಗೆದಾಗ ಲೈನಿನಲ್ಲಿ ಗ್ಯಾಸ್ ಹರಿಯುತ್ತಲೇ ಇರುತ್ತದೆ. ಒತ್ತಡವನ್ನು ಐದರಲ್ಲಿ ಒಂದು ಪಾಲಿನಷ್ಟು ಇಳಿಸಿರುತ್ತಾರೆ, ಪೂರ್ತಿ ನಿಲ್ಲಿಸುವುದಿಲ್ಲ. ಆ ಊರಿನ ಒಲೆಗಳು ಉರಿಯಬೇಕಲ್ಲ. ನನಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಗುಂಡಿಗಿಳಿಯುವ ಮುಂಚಿನ ಹತ್ತು ನಿಮಿಷದ ಮಾತಿನಲ್ಲಿ ಅದನ್ನು ಓದಿ ಹೇಳಿದರು, ನಾನು ಸಹಿ ಹಾಕಿದೆ. ಆದರೆ ಗೊತ್ತಿರುವುದು ತಲೆಗೆ, ಕೈಗಲ್ಲ. ನನ್ನ ಕೈಗಳು ಹನ್ನೆರಡು ವರ್ಷ ಸತ್ತ ಪೈಪುಗಳನ್ನೇ ಮುಟ್ಟಿದ್ದವು.

ಗುಂಡಿ ನನ್ನ ತಲೆಗಿಂತ ಎರಡಡಿ ಆಳ. ಎರಡೂ ತುದಿಗೆ ಏಣಿ. ಮೇಲೆ ದಡದಲ್ಲಿ ಮಣ್ಣು ಅಗೆಯುವ ಯಂತ್ರ, ಅದರ ಚಾಲಕ ಬಕೆಟ್ಟನ್ನು ನೆಲಕ್ಕೂರಿ ಎಂಜಿನ್ ಆರಿಸದೆ ಕೂತಿದ್ದ. ಅದರಾಚೆ ಬೇಲಿ, ಬೇಲಿಯ ಹಿಂದೆ ಯಾರದೋ ಹಿತ್ತಲು. ಹಿತ್ತಲಲ್ಲಿ ಒಬ್ಬ ಮುದುಕ ಚಳಿಗಾಲದಲ್ಲಿ ಬಿದ್ದ ಕೊಂಬೆಗಳನ್ನು ಆರಿಸುತ್ತಿದ್ದ. ನನ್ನ ಎದೆಗೆ ಸಿಕ್ಕಿಸಿದ್ದ ಗ್ಯಾಸ್ ಮೀಟರು ಸೊನ್ನೆ ತೋರಿಸುತ್ತಿತ್ತು. ಪೈಪಿನ ಮೇಲಿನ ಹಳೆಯ ಟೇಪಿನ ಹೊದಿಕೆಯನ್ನು ಬಿಚ್ಚಿದ್ದರು. ಗಡಿಯಾರದ ಐದರ ಜಾಗದಲ್ಲಿ, ಅಂದರೆ ಪೈಪಿನ ಕೆಳಬದಿಗೆ, ಬಟಾಣಿಯಷ್ಟು ದೊಡ್ಡ ಕುಳಿ. ಅದರ ತುಂಬ ಗಟ್ಟಿಯಾದ ಕಪ್ಪು ತುಕ್ಕು.

ಅದನ್ನು ನೋಡಿ ನನಗೆ ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಹಾಗೇ. ಇಷ್ಟು ತಾಜಾ, ಗಾಳಿ ತಾಗದ ಮಾದರಿ ಲ್ಯಾಬಿಗೆ ಯಾವತ್ತೂ ಬರುವುದಿಲ್ಲ. ಇನ್ನರ್ಧ ಗಂಟೆಯಲ್ಲಿ ಮರಳು ಹೊಡೆದು ಪೈಪನ್ನು ಬೆಳ್ಳಗೆ ಮಾಡುತ್ತಾರೆ, ಅಷ್ಟರೊಳಗೆ ತೆಗೆಯಬೇಕು. ಸರ್ ನನ್ನಿಂದ ಮೂರು ಹೆಜ್ಜೆ ಆಚೆ ಬಗ್ಗಿ ಬೇರೆಲ್ಲೋ ಹೊದಿಕೆಯ ಫೋಟೋ ತೆಗೆಯುತ್ತಿದ್ದರು. ನಾನು ಮೊಣಕಾಲೂರಿ, ಕಿಟ್ಟಿನಿಂದ ಸ್ಟೀಲಿನ ತೆಳು ಸ್ಪ್ಯಾಚುಲಾ, ಉಗುರಗಲದ ಚಪ್ಪಟೆ ಕಡ್ಡಿ, ತೆಗೆದು, ಕುಳಿಯ ಅಂಚಿಗೆ ಕೊಟ್ಟು ಒತ್ತಿದೆ. ತುಕ್ಕು ಬರಲಿಲ್ಲ. ಇನ್ನೂ ಸ್ವಲ್ಪ ಒತ್ತಿ ಮೀಟಿದೆ.

ಅದು ಇಡಿಯಾಗಿ ಕಿತ್ತು ಬಂತು.

ಸದ್ದನ್ನು ಹೇಗೆ ಹೇಳಬೇಕೋ ತಿಳಿಯದು. ಅದು ಕಿವಿಗೆ ಕೇಳಿದ್ದಲ್ಲ, ಹಲ್ಲಿಗೆ ಕೇಳಿದ್ದು. ಸ್ಪ್ಯಾಚುಲಾ ಕೈಯಿಂದ ಹಾರಿತು. ಮುಖದ ಕವಚ ಮೇಲಕ್ಕೆದ್ದು ಹೋಯಿತು. ಗುಂಡಿಯ ತಳದ ಮಣ್ಣು ಮೇಲೆದ್ದು ಏನೂ ಕಾಣದಾಯಿತು. ಕುಳಿ ಕೆಳಮುಖವಾಗಿದ್ದರಿಂದ ಗ್ಯಾಸು ಮೊದಲು ನೆಲಕ್ಕೆ ಬಡಿಯಿತು. ಅದು ಎರಡರ ಜಾಗದಲ್ಲಿದ್ದಿದ್ದರೆ ನನ್ನ ಕಣ್ಣಿಗೇ ಬಡಿಯುತ್ತಿತ್ತು.

ಆಮೇಲೆ ನಾನು ಮಾಡಿದ್ದು ಓಡುವುದಲ್ಲ. ಮಾದರಿಯ ಪುಟ್ಟ ಗಾಜಿನ ಸೀಸೆ ಮಣ್ಣಿಗೆ ಬಿದ್ದಿತ್ತು. ಅದರ ಮುಚ್ಚಳ ತೆರೆದಿತ್ತು. ನಾನು ಬಗ್ಗಿ ಅದನ್ನು ಹುಡುಕತೊಡಗಿದೆ.

ಸರ್ ನನ್ನ ಜಾಕೆಟ್ಟಿನ ಬೆನ್ನಿಗೆ ಕೈ ಹಾಕಿ ಎಳೆದರು. ಅವರಿಗೆ ಅರವತ್ತೈದು, ಮಂಡಿ ನೋವು ಬೇರೆ. ಏಣಿಯ ಮೇಲೆ ನನ್ನನ್ನು ಹಿಂದಿನಿಂದ ದೂಡಿದ್ದು ಅವರ ಹೆಗಲು. ಮೇಲೆ ಬಂದಾಗ ಯಂತ್ರದ ಚಾಲಕ ಕೀ ತಿರುಗಿಸಿ ಕೆಳಗೆ ಹಾರಿದ್ದ. ಎಂಜಿನ್ ಮಾತ್ರ ನಿಂತಿರಲಿಲ್ಲ. ನಿಲ್ಲುವ ಬದಲು ಅದರ ಸದ್ದು ಏರುತ್ತಾ ಹೋಯಿತು. ಡೀಸೆಲ್ಲು ಬಂದಾದರೂ ಗಾಳಿಯ ಜೊತೆ ಗ್ಯಾಸನ್ನೇ ಎಳೆದುಕೊಂಡು ಉರಿಯುತ್ತಿತ್ತು. ಒಂದು ಕಿಡಿ ಸಾಕಾಗಿತ್ತು. ನಾವು ಗಾಳಿ ಬರುವ ದಿಕ್ಕಿಗೆ ಓಡಿದೆವು. ಓಡುತ್ತಾ ತಿರುಗಿ ನೋಡಿದರೆ ಬೇಲಿಯಾಚೆಯ ಮುದುಕ ಕೊಂಬೆಗಳನ್ನು ಎದೆಗವಚಿಕೊಂಡು ನಮ್ಮನ್ನೇ ನೋಡುತ್ತಾ ನಿಂತಿದ್ದ. ಸರ್ ಅವನಿಗೆ ಓಡು ಎಂದು ಕೂಗಿದರು, ಕನ್ನಡದಲ್ಲಿ.

ಅವನು ಓಡಿದ. ಗಾಳಿ ಸ್ವಲ್ಪ ತಿರುಗಿತು, ಎಂಜಿನ್ ಕೆಮ್ಮಿ ನಿಂತಿತು. ಲೈನಿನವರು ದೂರದ ವಾಲ್ವುಗಳನ್ನು ಮುಚ್ಚಿದರು. ಸದ್ದು ಇಳಿಯಲು ಬಹಳ ಹೊತ್ತು ಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ.

ನನ್ನ ತಲೆಯೊಳಗೆ ಮಾತ್ರ ಅದು ಇವತ್ತಿಗೂ ಹಾಗೆ ಮುಗಿಯುವುದಿಲ್ಲ. ಅಲ್ಲಿ ಕಿಡಿ ಹಾರುತ್ತದೆ. ಪಾತ್ರೆ ತೊಳೆಯುವಾಗ, ಹೆದ್ದಾರಿಯಲ್ಲಿ ಎಕ್ಸಿಟ್ ತೆಗೆದುಕೊಳ್ಳುವಾಗ, ಮಗಳ ಸ್ಕೂಲಿನ ಕಾನ್ಸರ್ಟಿನಲ್ಲಿ ಕೂತಿರುವಾಗ ನಾನು ಬಗ್ಗಿ ಸೀಸೆ ಹುಡುಕುತ್ತಿರುತ್ತೇನೆ, ಸರ್ ಕೈ ಬರಲು ಒಂದು ಕ್ಷಣ ತಡವಾಗುತ್ತದೆ.

ಆ ಮಧ್ಯಾಹ್ನ ಟ್ರಕ್ಕಿನಲ್ಲಿ ಕೂರಿಸಿ ಹೇಳಿಕೆ ಬರೆಯಲು ಫಾರಂ ಕೊಟ್ಟರು. ಮಾದರಿ ತೆಗೆಯುವ ಹೊತ್ತಿಗೆ ಸೋರಿಕೆ ಶುರುವಾಯಿತು ಎಂಬರ್ಥದ ನಾಲ್ಕು ಸಾಲು ಬರೆದೆ. ಸುಳ್ಳು ಬರೆಯಲಿಲ್ಲ, ನಿಜವನ್ನೂ ಪೂರ್ತಿ ಬರೆಯಲಿಲ್ಲ. ಸರ್ ಫಾರಮ್ಮನ್ನು ತೆಗೆದುಕೊಂಡು ಓದಿ, ಸಾಕಿಷ್ಟು, ನೀ ಮನೀಗೆ ಹೋಗು ಅಂದರು. ಅವರು ಏನು ಬರೆದರೆಂದು ನಾನು ಕೇಳಲಿಲ್ಲ. ಮನೆಯಲ್ಲಿ ಗಂಡನಿಗೆ ಸಣ್ಣ ಲೀಕಾಯ್ತು ಎಂದೆ. ಸ್ನಾನಕ್ಕೆ ಹೋದವಳು ಒಂದು ಗಂಟೆ ಹೊರಗೆ ಬರದಿದ್ದಾಗ ಅವನಿಗೆ ಸಣ್ಣದಲ್ಲವೆಂದು ಅರ್ಥವಾಯಿತು.

ಮರುವಾರ ಆ ಪೈಪಿನ ತುಂಡು ಪೆಟ್ಟಿಗೆಯಲ್ಲಿ ನನ್ನ ಬೆಂಚಿಗೇ ಬಂತು. ಜೊತೆಗೆ ಕಾಗದಪತ್ರಗಳು. ಸ್ಥಳದಲ್ಲಿದ್ದವಳೇ ಪರೀಕ್ಷೆ ಮಾಡಬಾರದು, ನನಗದು ಗೊತ್ತು. ನಮ್ಮದು ಸಣ್ಣ ಲ್ಯಾಬು, ಬರೀ ಪೆಟ್ಟಿಗೆ ಬಿಚ್ಚಿ ಫೋಟೋ ತೆಗೆದಿಡು, ಉಳಿದದ್ದನ್ನು ಹೊರಗಿನವರಿಂದ ಮಾಡಿಸೋಣ ಎಂದು ಮೇಲಿನವರು ಹೇಳಿದ್ದರು. ಕಾಗದಗಳಲ್ಲಿ ಸರ್ ಬರೆದ ಹೇಳಿಕೆಯೂ ಇತ್ತು. ತಾನು ವೈರ್ ಬ್ರಶ್ಶಿನಿಂದ ಕುಳಿಯನ್ನು ಉಜ್ಜುತ್ತಿದ್ದಾಗ ಅದು ತೆರೆದುಕೊಂಡಿತು ಎಂದಿತ್ತು.

ಎರಡು ಸಲ ಓದಿ, ಪೈಪನ್ನು ಮೈಕ್ರೋಸ್ಕೋಪಿನಡಿಗೆ ತಂದೆ. ಬ್ರಶ್ ಉಜ್ಜಿದರೆ ಬಾಚಣಿಗೆ ಎಳೆದಂತೆ ಸಾಲುಸಾಲು ಸಣ್ಣ ಗೀರು ಬೀಳುತ್ತದೆ. ಅಂಥದ್ದು ಒಂದೂ ಇರಲಿಲ್ಲ. ಕುಳಿಯ ಬಾಯಿಯಲ್ಲಿ ಒಂದೇ ಒಂದು ಹೊಳೆಯುವ ಗುರುತು, ಬಾಗಿದ ಅಂಚಿನದು, ಉಗುರಿನಷ್ಟು ಅಗಲ. ಕುಳಿಯ ತಳದಲ್ಲಿ ಲೋಹವೇ ಇರಲಿಲ್ಲ. ಯಾವಾಗಲೋ ತೂತು ಬಿದ್ದಿತ್ತು. ಇಷ್ಟು ದಿನ ಗ್ಯಾಸನ್ನು ತಡೆದು ಹಿಡಿದದ್ದು ಆ ತುಕ್ಕೇ. ಬಾಟಲಿಗೆ ಬಿರಡೆ ಹಾಕಿದಂತೆ ಅದು ಕೂತಿತ್ತು, ಬಿರಡೆ ಕಿತ್ತವಳು ನಾನು.

ನನಗೆ ಮೊದಲು ಅನಿಸಿದ್ದು ಕೃತಜ್ಞತೆ. ಇನ್ನೆರಡು ತಿಂಗಳಿಗೆ ಅವರು ರಿಟೈರ್ ಆಗುವವರು, ಅವರ ಮೇಲೆ ಬಂದರೆ ಏನೂ ಆಗದು. ನನ್ನ ಮುಂದೆ ಇನ್ನೂ ಇಪ್ಪತ್ತು ವರ್ಷದ ಕೆಲಸವಿದೆ. ಅಣ್ಣನಾದವನು ಮಾಡುವ ಕೆಲಸ ಮಾಡಿದ್ದಾರೆ, ಅದನ್ನು ಕೆದಕುವುದು ಅವರಿಗೇ ಅವಮಾನ. ಹೀಗೆಲ್ಲ ಹೇಳಿಕೊಂಡು ಎರಡು ದಿನ ಆರಾಮಾಗಿ ನಿದ್ದೆ ಮಾಡಿದೆ. ಆ ಘಟನೆಯ ನಂತರ ನಾನು ಸರಿಯಾಗಿ ನಿದ್ದೆ ಮಾಡಿದ್ದು ಆ ಎರಡೇ ದಿನ.

ಮೂರನೆಯ ದಿನ ಶುಕ್ರವಾರ. ಅದೇ ಲೈನಿನ ಇನ್ನೊಂದು ಜಾಗವನ್ನು ಬುಧವಾರ ಅಗೆಯುತ್ತಾರೆ, ಮಾದರಿಯ ಕಿಟ್ಟುಗಳನ್ನು ಕಳಿಸಿ ಎಂದು ಮೇಲ್ ಬಂತು. ಕಿಟ್ ಜೋಡಿಸುವುದು ನನ್ನ ಕೆಲಸ. ಸೀಸೆ, ಸಿರಿಂಜು, ಪಿಎಚ್ ಕಾಗದ, ಕೈಗವಸು. ಆಮೇಲೆ ಶುದ್ಧ ಮಾಡಿ ಸೀಲ್ ಹಾಕಿದ ಸ್ಟೀಲಿನ ಸ್ಪ್ಯಾಚುಲಾ. ಮೂರನೆಯ ಕಿಟ್ಟಿಗೆ ಸ್ಪ್ಯಾಚುಲಾ ಹಾಕುವಾಗ ಕೈ ನಿಂತಿತು. ಇದನ್ನು ಹಿಡಿದು ಬುಧವಾರ ಯಾರು ಮೊಣಕಾಲೂರುತ್ತಾರೆ? ವೈರ್ ಬ್ರಶ್ಶಿನಿಂದ ಆಯಿತು ಎಂದು ಓದಿದವರು ಬ್ರಶ್ಶನ್ನು ದೂರವಿಡುತ್ತಾರೆ. ಸ್ಪ್ಯಾಚುಲಾ ಬಗ್ಗೆ ಅವರಿಗೇಕೆ ಅನುಮಾನ ಬರಬೇಕು?

ಭಾನುವಾರ ಡ್ರೈವ್ ಮಾಡಿಕೊಂಡು ಡೆಟ್ರಾಯಿಟ್‌ನ ಹೊರವಲಯದಲ್ಲಿದ್ದ ಸರ್ ಮನೆಗೆ ಹೋದೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅವರು ಡ್ರೈವ್‌ವೇನಲ್ಲಿ ಕೂತು, ಪೈಪು ಹಿಡಿದು, ಕಾರಿನ ಹೊಟ್ಟೆಯಡಿಗೆ ನೀರು ಹೊಡೆಯುತ್ತಿದ್ದರು. ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ಕಾರಿನಡಿ ಕೂತು ಲೋಹವನ್ನು ತಿನ್ನದಿರಲೆಂದು ವಾರವಾರವೂ ಮಾಡುವ ಪೂಜೆ ಇದು. ಇಡೀ ಸಬ್‌ಡಿವಿಜನ್ ಅವರನ್ನು ನೋಡಿ ನಗುತ್ತಿತ್ತು. ಅವರ ಕಾರಿಗೆ ಹದಿನೇಳು ವರ್ಷ, ಒಂದು ತೂತಿಲ್ಲ.

"ಇಷ್ಟ ದೂರ ಬಂದೀದಿ ಅಂದ್ರ ಬೈಯಾಕ ಬಂದೀದಿ," ಅಂದರು, ತಲೆಯೆತ್ತದೆ.

"ಬೈಯೋಕಲ್ಲ ಸರ್. ಬ್ರಶ್ ಗೀರು ಎಲ್ಲಿದೆ ಅಂತ ತೋರಿಸಿಕೊಡಿ, ನಂಗೆ ಸಿಗ್ತಿಲ್ಲ."

ಅವರು ನಕ್ಕರು. ಮೈಕ್ರೋಸ್ಕೋಪ್ ನೋಡೋದ ಕಲಿಸಿದ್ದು ನಂದ ತಪ್ಪು ಅಂದರು. ಒಳಗಿನಿಂದ ಅವರ ಹೆಂಡತಿ ಬಂದು ಊಟಕ್ಕೆ ಕರೆದರು, ಐದು ನಿಮಿಷ ಆಂಟಿ ಅಂದೆ. ಬುಧವಾರದ ಕಿಟ್ಟಿನ ವಿಷಯ ಹೇಳಿದೆ. ಸರ್ ಕೇಳಿಸಿಕೊಂಡು, ನೀನೇನೂ ತಪ್ಪು ಮಾಡಿಲ್ಲ, ಪುಸ್ತಕದಲ್ಲಿ ಇದ್ದಂತೆಯೇ ಮಾಡಿದ್ದೀಯ ಅಂದರು. ಅದು ನಿಜ. ನಮ್ಮ ಕಂಪನಿಯ ಕೈಪಿಡಿಯಲ್ಲಿ ಹಾಗೇ ಇತ್ತು. ಮೊದಲು ಮಾದರಿ, ಆಮೇಲೆ ಉಜ್ಜುವುದು, ಆಮೇಲೆ ದಪ್ಪ ಅಳೆಯುವುದು. ಮಾದರಿ ಕೆಡಬಾರದೆಂಬ ಕಾಳಜಿಯಲ್ಲಿ, ಎಷ್ಟು ಲೋಹ ಉಳಿದಿದೆ ಎಂದು ಯಾರಿಗೂ ತಿಳಿಯುವ ಮೊದಲೇ ಕುಳಿಗೆ ಉಕ್ಕಿನ ತುದಿ ಇಡಲು ಹೇಳುವ ಪುಟ. ಹಾಗಾದರೆ ತಪ್ಪು ಮಾಡದ ನನ್ನನ್ನು ಕಾಪಾಡುವ ಸುಳ್ಳು ಏಕೆ ಬೇಕಾಯಿತು ಎಂದು ನಾನು ಯೋಚಿಸುತ್ತಿದ್ದಂತೆ ಆ ಪುಟವನ್ನು ಬರೆದವರು ಯಾರೆಂಬುದು ನೆನಪಾಯಿತು. ನನ್ನೆದುರು ನೀರು ಹಿಡಿದು ಕೂತಿದ್ದವರೇ. ನಾನು ಸೇರುವ ಮುಂಚೆ ಬರೆದದ್ದು, ಬೇರೆ ಕಂಪನಿಗಳೂ ಕೇಳಿ ಪಡೆದದ್ದು. ಬ್ರಶ್ಶಿನಿಂದ ಆಯಿತೆಂದರೆ ತಪ್ಪು ಅವರ ಕೈಯದು, ಪುಟದ್ದಲ್ಲ.

ಕೇಳಬಾರದೆಂದುಕೊಂಡೇ ಕೇಳಿದೆ.

"ಸರ್, ನೀವು ಉಳಿಸೋಕೆ ಹೋಗಿದ್ದು ನನ್ನನ್ನಾ, ಆ ಪುಟಾನಾ?"

ಅವರು ನಲ್ಲಿಯತ್ತ ನಡೆದು ನೀರು ನಿಲ್ಲಿಸಿದರು. ಪೈಪನ್ನು ಸುರುಳಿ ಸುತ್ತಿದರು. ಅವರ ಕೈ ನಿಧಾನವಾಗಿತ್ತು.

"ಎರಡೂ," ಅಂದರು. ಸುರುಳಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, "ಮೊದಲ ನಿನ್ನ ಅಂತನ ಅನ್ಕೊಂಡಿದ್ದೆ. ಬರಿಯಾಕ ಕುಂತಾಗ ಗೊತ್ತಾತು. ಇಪ್ಪತ್ತು ವರ್ಷ ಮಂದೀನ ಆ ಪುಟ ಕೊಟ್ಟು ಗುಂಡಿಗೆ ಇಳಿಸೀನವಾ. ಒಬ್ಬರೂ ಸಾಯಲಿಲ್ಲ, ಅದು ಅವರ ನಸೀಬ."

ನಾನು ನಾಳೆ ಬರೆದು ಕಳಿಸುತ್ತೇನೆ ಎಂದೆ. ಅವರು ಬೇಡವೆನ್ನಲಿಲ್ಲ. ಊಟಕ್ಕೆ ಕೂತಾಗ ಆಂಟಿ ಇಬ್ಬರಿಗೂ ಏನಾಯ್ತು, ಸತ್ತವರ ಮನೆಯವರ ಹಾಗೆ ಕೂತಿದ್ದೀರಿ ಎಂದು ತಮಾಷೆ ಮಾಡಿದರು. ಸರ್ ಹೌದು, ಒಂದು ಪುಟ ಸತ್ತಿದೆ ಎಂದು ಬದನೆಕಾಯಿ ಪಲ್ಯ ಹಾಕಿಸಿಕೊಂಡರು.

ಸೋಮವಾರ ನನ್ನ ಹೇಳಿಕೆಯನ್ನು ಮತ್ತೆ ಬರೆದೆ, ಸ್ಪ್ಯಾಚುಲಾ, ಮೀಟಿದ್ದು, ಸೀಸೆ ಹುಡುಕಿದ್ದು ಎಲ್ಲವನ್ನೂ. ಮಂಗಳವಾರ ಲೈನಿನ ಮಾಲೀಕರ ಜೊತೆ ಕಾಲ್ ಇತ್ತು. ನಾನು ಹೇಳಿ ಮುಗಿಸಿದ ಮೇಲೆ ಬುಧವಾರದ ತಂಡದ ಮೇಸ್ತ್ರಿ ಒಂದೇ ಪ್ರಶ್ನೆ ಕೇಳಿದ, ಎಷ್ಟು ಜೋರಾಗಿ ಒತ್ತಿದಿರಿ? ತಟ್ಟೆಯಲ್ಲಿ ಗಟ್ಟಿಯಾದ ಮಿಠಾಯಿಯನ್ನು ಚಾಕುವಿನಿಂದ ಎಬ್ಬಿಸುವಷ್ಟು ಎಂದೆ. ಅಷ್ಟೇನಾ ಅಂದ. ಅಷ್ಟೇ ಅಂದೆ. ಆಗ ಸರ್ ದನಿ ಬಂತು. ಆ ಕ್ರಮ ಬರೆದದ್ದು ನಾನು, ಅದು ತಪ್ಪು, ಬ್ರಶ್ ಅಂತ ಬರೆದದ್ದೂ ಸುಳ್ಳು ಎಂದರು, ಹವಾಮಾನ ಓದಿದಂತೆ.

ಸುಳ್ಳು ಹೇಳಿಕೆಗೆ ಅವರನ್ನು ಸೈಟಿನಿಂದ ತೆಗೆದರು. ಉಳಿದ ಎರಡು ತಿಂಗಳು ಆಫೀಸಿನಲ್ಲಿ ಹಳೆಯ ಫೈಲುಗಳ ಮಧ್ಯೆ ಕೂತರು. ವಿದಾಯದ ಊಟಕ್ಕೆ ಮೈಲಿಗಟ್ಟಲೆ ದೂರದಿಂದ ಬಂದಿರಬೇಕಾದ ಮಂದಿಯಲ್ಲಿ ಅರ್ಧ ಬರಲಿಲ್ಲ. ನನ್ನನ್ನು ತಂಗಿ ಅಂತಲೇ ಕರೆಯುತ್ತಾರೆ ಈಗಲೂ, ಫೋನು ಮಾಡುವುದು ಮಾತ್ರ ಯಾವಾಗಲೂ ನಾನೇ.

ಆ ಬುಧವಾರ ನಾನು ಸೈಟಿಗೆ ಹೋದೆ. ಗುಂಡಿಗಿಳಿಯಲಿಲ್ಲ, ದಡದ ಮೇಲೆ ನಿಂತೆ. ಹೊದಿಕೆ ಬಿಚ್ಚಿದಾಗ ಅಲ್ಲೂ ಒಂದು ಕುಳಿ, ಅಲ್ಲೂ ತುಂಬಿ ಕೂತ ಕಪ್ಪು ತುಕ್ಕು. ಕೆಳಗಿದ್ದವನು ನನ್ನಷ್ಟೇ ವಯಸ್ಸಿನವನು, ನನ್ನತ್ತ ತಲೆಯೆತ್ತಿ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಒತ್ತಡವನ್ನು ಇನ್ನಷ್ಟು ಇಳಿಸಿ, ಸುತ್ತಲಿನ ಲೋಹ ಗಟ್ಟಿಯಾಗಿದೆಯೇ ಎಂದು ಅಳೆದು, ಎರಡು ಅರ್ಧಗಳ ದಪ್ಪ ಉಕ್ಕಿನ ಕವಚವನ್ನು ಕುಳಿಯ ಮೇಲೆ ಕೂರಿಸಿ ಬೋಲ್ಟ್ ಬಿಗಿದರು. ಮಾದರಿ ತೆಗೆಯಲಿಲ್ಲ. ಅದರ ತಳದಲ್ಲೂ ತೂತಿತ್ತೋ, ಒಳ್ಳೆ ಲೋಹವಿತ್ತೋ, ಅದನ್ನು ತಿಂದದ್ದು ಏನು, ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಮೂರು ಗಂಟೆಯ ಹೊತ್ತಿಗೆ ಗುಂಡಿ ಮುಚ್ಚಿ, ಮಣ್ಣಿನ ಮೇಲೆ ಹುಲ್ಲಿನ ಬೀಜ ಎರಚಿ, ಎಲ್ಲರೂ ತಮ್ಮ ತಮ್ಮ ಟ್ರಕ್ಕು ಹತ್ತಿದರು.

ಏನೂ ಆಗದ ಆ ದಿನ ತಾನಾಗಿ ನನ್ನ ನೆನಪಿಗೆ ಬರುವುದಿಲ್ಲ. ಗ್ಯಾಸು ಚಿಮ್ಮಿದ ಆ ಇನ್ನೊಂದು ದಿನ ಕರೆಯದೆಯೇ ಬರುತ್ತದೆ. ಬಂದಾಗಲೆಲ್ಲ ನಾನು ಕೂತು, ಬುಧವಾರವನ್ನು ಮೊದಲಿನಿಂದ, ಹೊದಿಕೆ ಬಿಚ್ಚಿದಲ್ಲಿಂದ ಬೀಜ ಎರಚುವವರೆಗೆ, ಒಂದೊಂದಾಗಿ ನೆನೆಸಿಕೊಳ್ಳುತ್ತೇನೆ.